ಎರಡು ಹೋಳಿಗೆಯ ಜಡ್ಜ್ ಸಾಹೇಬರು

"ಮಮ್, ಎದುರುಮನೆ ತಾತಂಗೆ ಎಲ್ಲದಕ್ಕೂ ಅಲರ್ಜಿನಾ?"

ಶಾಲೆಯಿಂದ ಬಂದ ಮಾನ್ಯಾ ಷೂ ಕೂಡ ಬಿಚ್ಚದೆ ಕೇಳಿದ ಪ್ರಶ್ನೆ ಇದು. ಬ್ಯಾಗಿನಿಂದ ಊಟದ ಡಬ್ಬಿ ತೆಗೆಯುತ್ತಿದ್ದ ಸಿಂಧು ತಲೆಯೆತ್ತಿ ನೋಡಿದಳು. ಆರು ವರ್ಷದ ಮಗಳ ಕೈಯಲ್ಲಿ ಅರ್ಧ ತಿಂದ ಚಿಪ್ಸ್ ಪೊಟ್ಟಣ. ನಡೆದದ್ದು ಇಷ್ಟು: ಗೇಟಿನ ಹತ್ತಿರ ನಿಂತಿದ್ದ ತಾತನಿಗೆ ಇವಳು ಪೊಟ್ಟಣ ಚಾಚಿದ್ದಾಳೆ. ತಾತ ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಕ್ಷಮಿಸಿ, ನಾನು ಸ್ವೀಕರಿಸುವ ಹಾಗಿಲ್ಲ" ಎಂದಿದ್ದಾರೆ.

"ಹೀ ಸೆಡ್ ಕ್ಷಮಿಸಿ, ಮಮ್! ಟು ಮೀ!"

ಮಾನ್ಯಾಳ ತರಗತಿಯಲ್ಲಿ ಫಿನ್ ಎಂಬ ಹುಡುಗನಿದ್ದಾನೆ. ಕಡಲೆಕಾಯಿಯ ಹೊಟ್ಟು ತಾಗಿದರೂ ಅವನ ಮುಖ ಊದಿಕೊಳ್ಳುತ್ತದೆ. ಕೊಟ್ಟಿದ್ದನ್ನು ಬೇಡ ಅನ್ನುವವರೆಲ್ಲ ಫಿನ್‌ನಂಥವರೇ ಎಂದು ಅವಳ ಲೆಕ್ಕ.

"ಅಲರ್ಜಿ ಅಲ್ಲ ಪುಟ್ಟಿ. ಅವರು ಜಡ್ಜ್ ಆಗಿದ್ರು."

"ಸೋ?"

ಆ 'ಸೋ'ಗೆ ಸಿಂಧುವಿನ ಉತ್ತರ ಒಂದೇ ಮಾತಿನದಾಗಿರಲಿಲ್ಲ. ಉತ್ತರ ಅವಳಿಗೆ ಸಿಕ್ಕಿದ್ದು ಒಂದು ವರ್ಷದಲ್ಲಿ, ತುಂಡು ತುಂಡಾಗಿ, ಹೆಚ್ಚಿನದು ಹಿತ್ತಿಲ ಬಾಗಿಲಲ್ಲಿ.

ಐರ್ಲೆಂಡಿನ ಕಿಲ್ಕೆನ್ನಿ ಊರಂಚಿನ ಆ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಎದುರುಮನೆ ಡಾಕ್ಟರ್ ಗುರುದತ್ತನದು. ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಡ್ಯೂಟಿ ಮುಗಿಸಿ ಬಂದರೆ ಕಾರಿನಲ್ಲೇ ಐದು ನಿಮಿಷ ನಿದ್ದೆ ಮಾಡಿ ಆಮೇಲೆ ಬಾಗಿಲು ತೆಗೆಯುವಷ್ಟು ಕೆಲಸ. ಮೂವತ್ತೈದಾದರೂ ಮದುವೆಯಿಲ್ಲ. ಹುಡುಗಿಯರ ಜಾತಕಗಳು ಬರುತ್ತಲೇ ಇದ್ದವು, ಆದರೆ ಅಪ್ಪ ಒಂದೊಂದನ್ನೂ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ 'ಹೆಚ್ಚಿನ ವಿಚಾರಣೆ ಅಗತ್ಯ' ಎಂದು ಬರೆದು ಕಡತಕ್ಕೆ ಸೇರಿಸುತ್ತಿದ್ದರು. ಆ ಅಪ್ಪನೇ ಹೇಮಚಂದ್ರ, ನಿವೃತ್ತ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು. ಹೆಂಡತಿ ಅನಸೂಯ ಅವರೊಂದಿಗೆ ಮಗನ ಮನೆಗೆ ಬಂದು ನೆಲೆಸಿದ್ದರು.

ಬೆಳಿಗ್ಗೆ ಎಂಟಕ್ಕೆ ನದಿ ದಂಡೆಯಲ್ಲಿ ನಡಿಗೆ, ಮಳೆಯಿರಲಿ ಬಿಡಲಿ ಕೊಡೆ. ಹನ್ನೊಂದಕ್ಕೆ ಸರಿಯಾಗಿ ಊಟದ ಮೇಜಿನ ಮುಂದೆ, ಕಿಟಕಿಗೆ ಮುಖ ಮಾಡಿ, ಕೋಟು ಹಾಕಿಕೊಂಡು ಕೂರುತ್ತಿದ್ದರು. ಕೂರುವ ಮುಂಚೆ ಒಂದು ಗಳಿಗೆ ನಿಂತಿರುತ್ತಿದ್ದರು. ಎಲ್ಲರೂ ಎದ್ದು ನಿಲ್ಲಲಿ ಎಂದು ಕಾಯುತ್ತಿದ್ದದ್ದು ಅದು. ಎದ್ದು ನಿಲ್ಲಲು ಅಲ್ಲಿದ್ದದ್ದು ಫ್ರಿಜ್ಜು ಮಾತ್ರ, ಅದು ಮೊದಲೇ ನಿಂತಿತ್ತು. ಎರಡರ ತನಕ ಪತ್ರಿಕೆ ಓದುವುದು, ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದು. "ಇನ್ನೊಂದು ಸೌಟು ಅನ್ನ ಹಾಕ್ಲಾ?" ಎಂದರೆ ಒಂದೋ "ಆಗಲಿ", ಇಲ್ಲವೇ "ವಜಾ". ಮಾತಾಡಿಸಿದವರಿಗೆಲ್ಲ 'ನೀವು'. ಬಡಾವಣೆಯ ಬೆಕ್ಕಿಗೂ ಅವರು ಒಮ್ಮೆ "ನೀವು ಇಲ್ಲಿಂದ ಹೊರಡಬೇಕು" ಎಂದದ್ದನ್ನು ಸಿಂಧುವಿನ ಗಂಡ ವಿಕ್ರಮ್ ಕಿವಿಯಾರೆ ಕೇಳಿದ್ದ.

ಇಷ್ಟಾದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ತೊಂದರೆ ಇದ್ದದ್ದು ತಿನ್ನುವುದರಲ್ಲಿ, ಕುಡಿಯುವುದರಲ್ಲಿ. ಊರಲ್ಲಿ ಹದಿನಾಲ್ಕು ಕನ್ನಡದ ಮನೆಗಳು. ಮೊದಲ ತಿಂಗಳಲ್ಲಿ ಹದಿನಾಲ್ಕೂ ಮನೆಯವರು ಈ ದಂಪತಿಯನ್ನು ಕರೆದರು. ಸಾಹೇಬರು ಹೋದರು, ಕೂತರು, ಬಂದದ್ದನ್ನೆಲ್ಲ ನಯವಾಗಿ ಬೇಡ ಎಂದರು. ಕಾಫಿ ಬೇಡ. ನೀರು? ಚೀಲದಿಂದ ತಮ್ಮದೇ ಬಾಟಲಿ ತೆಗೆದರು. ಕನ್ನಡ ಬಳಗದ ಕಾರ್ಯದರ್ಶಿ ಮಧುಸೂದನನ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಬಹಳ ಹೊತ್ತು ಯೋಚಿಸಿ ತೀರ್ಥ ತೆಗೆದುಕೊಂಡರು, ಸಪಾದಭಕ್ಷ್ಯಕ್ಕೆ ಮಾತ್ರ ಕೈಯೊಡ್ಡಲಿಲ್ಲ.

"ಸಾರ್, ಅದು ದೇವರ ಪ್ರಸಾದ," ಎಂದ ಮಧುಸೂದನ.

"ದೇವರ ಬಗ್ಗೆ ನನಗೆ ಸಂಶಯವಿಲ್ಲ. ರವೆ, ಸಕ್ಕರೆ, ತುಪ್ಪ ನಿಮ್ಮದಲ್ಲವೇ?"

"ನೀವು ರಿಟೈರ್ ಆಗಿ ಏಳು ವರ್ಷ ಆಯ್ತಲ್ಲ ಸಾರ್," ಎಂದು ವಿಕ್ರಮ್ ನಡುವೆ ಬಾಯಿ ಹಾಕಿದ.

"ಅಪೀಲಿನ ಅವಧಿ ಮುಗಿದಿಲ್ಲ ಅಂತ ಇಟ್ಟುಕೊಳ್ಳಿ," ಎಂದರು ಹೇಮಚಂದ್ರ.

ಅನಸೂಯ ಗಂಡನ ಪಕ್ಕದಲ್ಲಿ ಕೂತು, ಬಟ್ಟಲಲ್ಲಿ ಹಬೆಯಾಡುವ ಸಜ್ಜಿಗೆಯನ್ನು ನೋಡಿ, ಕಣ್ಣನ್ನು ಗೋಡೆಯ ಗಡಿಯಾರಕ್ಕೆ ತಿರುಗಿಸಿದ್ದನ್ನು ಸಿಂಧು ಕಂಡಿದ್ದಳು. ಆರು ತಿಂಗಳಲ್ಲಿ ಕರೆಯುವವರು ಹದಿನಾಲ್ಕರಿಂದ ಎರಡಕ್ಕೆ ಇಳಿದರು. ಜಂಬ ಎಂದರು ಕೆಲವರು. "ನಮ್ಮನೆ ಕಾಫೀಲಿ ವಿಷ ಇರುತ್ತಾ?" ಎಂದರು ಇನ್ನು ಕೆಲವರು.

ಕಾರಣ ಜಂಬವಲ್ಲ, ಹೋಳಿಗೆ ಎಂಬುದು ಸಿಂಧುವಿಗೆ ಗೊತ್ತಾದದ್ದು ಆ ಚಳಿಗಾಲದಲ್ಲಿ. ಅವಳ ಮನೆಯಲ್ಲಿ ಮೊಸರು ಹೆಪ್ಪುಗಟ್ಟುವುದನ್ನೇ ಬಿಟ್ಟಿತ್ತು. ಅಂಗಡಿಯ ಯೋಗರ್ಟ್ ತಂದು ಹಾಕಿದರೆ ಹಾಲು ಲೋಳೆಲೋಳೆಯಾಗಿ ಕೂರುತ್ತಿತ್ತು. ಮಗಳಿಗೆ ಮೊಸರನ್ನವಿಲ್ಲದೆ ನಿದ್ದೆ ಬಾರದು. ಶಾಲೆಯ ಗೇಟಿನಲ್ಲಿ ಯಾರೊಂದಿಗೋ ಇದನ್ನೇ ಹೇಳಿಕೊಳ್ಳುತ್ತಿದ್ದಾಗ ಅನಸೂಯ ಪಕ್ಕದಲ್ಲಿ ಹಾದುಹೋದರು. ಮಾರನೆಯ ದಿನ ಹನ್ನೊಂದೂ ಐದಕ್ಕೆ ಹಿತ್ತಿಲ ಬಾಗಿಲು ಸದ್ದಾಯಿತು. ಅನಸೂಯ ಕೋಟಿನ ಒಳಗಿಂದ, ಕಳ್ಳಸಾಗಣೆಯವರ ಹಾಗೆ, ಒಂದು ಪುಟ್ಟ ಸ್ಟೀಲ್ ಬಟ್ಟಲು ತೆಗೆದರು. ಒಳಗೆ ಎರಡು ಚಮಚ ಗಟ್ಟಿ ಮೊಸರು.

"ಹೆಪ್ಪು ಕಣೇ. ಹಾಲು ಉಗುರುಬೆಚ್ಚಗಿರ್ಬೇಕು, ಬಾಯ್ಲರ್ ಇರೋ ಕಪಾಟಲ್ಲಿಡು. ಅವರಿಗೆ ಮಾತ್ರ ಹೇಳ್ಬೇಡ."

"ಕೊಡೋದಕ್ಕೂ ರೂಲ್ಸ್ ಇದ್ಯಾ ಆಂಟಿ?"

"ಕೊಟ್ರೆ ಆಮೇಲೆ ತಗೋಬೇಕಾಗುತ್ತಲ್ಲ, ಅದಕ್ಕೆ."

ಬಟ್ಟಲಿನ ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಕೆತ್ತಿಸಿದ ಹೆಸರಿತ್ತು: ಅನಸೂಯ ಹೇಮಚಂದ್ರ. ಆ ಬಟ್ಟಲು ಅಲ್ಲೇ ಉಳಿಯಿತು. ಬರಿದಾಗಿ ಹಿಂತಿರುಗಿಸಲು ಸಿಂಧುವಿಗೆ ಮನಸ್ಸಿಲ್ಲ, ತುಂಬಿ ಕೊಡಲು ಎದುರುಮನೆಯ ಕಾನೂನು ಬಿಡದು. ಅಂದಿನಿಂದ ಹನ್ನೊಂದರ 'ಕಲಾಪ' ಶುರುವಾದ ಮೇಲೆ ಅನಸೂಯ ಆಗಾಗ ಹಿತ್ತಿಲಿಗೆ ಬರತೊಡಗಿದರು. ಒಳಗೆ ಕಾಲಿಡುತ್ತಿರಲಿಲ್ಲ, ಹೊಸ್ತಿಲಲ್ಲಿ ನಿಂತೇ ಗಂಡನ ಕಥೆ ಹೇಳುತ್ತಿದ್ದರು.

ಹೇಮಚಂದ್ರರ ತಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರು. ಬಾಟಲಿಗೆ ಔಷಧಿ ಗುರುತಿನವರೆಗೆ ತುಂಬಿತೇ ಎಂದು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುವ ಮನುಷ್ಯ. ಮಗ ಕಾನೂನು ಓದಿದ, ಹಿರಿಯ ವಕೀಲರೊಬ್ಬರ ಕೈಕೆಳಗೆ ಐದು ವರ್ಷ ಬಸ್ಸು-ಲಾರಿ ಅಪಘಾತದ ದಾವೆಗಳ ಕಟ್ಟು ಹೊತ್ತ, ಇಪ್ಪತ್ತೊಂಬತ್ತಕ್ಕೆ ಪರೀಕ್ಷೆ ಪಾಸಾಗಿ ಮುನ್ಸೀಫನಾದ. ಮೊದಲ ಊರು ಕಲಬುರಗಿ ಕಡೆಯ ಒಂದು ತಾಲ್ಲೂಕು. ಹೊಸ ಸಂಸಾರ, ಹೊಸ ಕರಿ ಕೋಟು. ಹೋಳಿ ಹುಣ್ಣಿಮೆಯ ದಿನ ಪಕ್ಕದ ಮನೆಯವರು ತಟ್ಟೆ ತುಂಬ ಬಿಸಿ ಹೋಳಿಗೆ ಕಳಿಸಿದರು. ಹೇಮಚಂದ್ರ ಎರಡು ತಿಂದರು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ತುಪ್ಪ ಮುಗಿದಿತ್ತು, ಅಷ್ಟೇ.

ಮಾರನೆಯ ಬೆಳಿಗ್ಗೆ ಅವರ ಮುಂದೆ ಬಂದ ಮೊದಲ ದಾವೆ ಒಂದು ಹೊಲದ ಬದುವಿನದು. ವಾದಿ, ಪಕ್ಕದ ಮನೆಯವರ ಸೋದರಮಾವ. ಕಟಕಟೆಯ ಹತ್ತಿರ ನಿಂತ ಆ ಮುದುಕ ಕೈಮುಗಿದು, "ಹೋಳಿಗಿ ಚಲೋ ಇದ್ವೇನ್ರಿ ಸಾಹೇಬ್ರ?" ಎಂದ. ಅವನಿಗೆ ಅದು ಯೋಗಕ್ಷೇಮದ ಮಾತು. ಪ್ರತಿವಾದಿಯ ವಕೀಲರು ಮಾತ್ರ ನಿಧಾನವಾಗಿ ಕನ್ನಡಕ ಸರಿಮಾಡಿಕೊಂಡರು. ಹೇಮಚಂದ್ರ ಬೆವರಿದರು. ತುಂಬಿದ ಕೋರ್ಟಿನಲ್ಲಿ, ತಾವು ವಾದಿಯ ಸಂಬಂಧಿಕರ ಎರಡು ಹೋಳಿಗೆ ತಿಂದಿರುವುದಾಗಿ ಗುಮಾಸ್ತನಿಗೆ ಹೇಳಿ ಬರೆಸಿದರು, ಮೇಲಿನವರಿಗೆ ಪತ್ರ ಬರೆದು ದಾವೆಯನ್ನು ಬೇರೆ ಕೋರ್ಟಿಗೆ ಕಳಿಸಿದರು. ಅಲ್ಲಿ ಅದು ಒಂಬತ್ತು ವರ್ಷ ನಡೆಯಿತು. ಬದು ಮೂರು ಸಲ ಮಳೆಗೆ ಕೊಚ್ಚಿಹೋಗಿ ಮೂರು ಸಲ ಹೊಸ ಜಾಗದಲ್ಲಿ ಎದ್ದಿತು.

"ಹೋಳಿಗೆ ಎರಡು, ವರ್ಷ ಒಂಬತ್ತು," ಎಂದು ಅನಸೂಯ ಬೆರಳು ಮಡಿಚಿ ಹೇಳುತ್ತಿದ್ದರು. "ಅವತ್ತಿಂದ ಯಾರ ಮನೇದೂ ಬೇಡ ಅಂದ್ರು. ನಾನೂ ಹೋಗೋ ಹಾಗಿಲ್ಲ, ಯಾರೂ ಬರೋ ಹಾಗಿಲ್ಲ. ಮೂವತ್ತೊಂದು ವರ್ಷದಲ್ಲಿ ಹನ್ನೊಂದು ಊರು ಕಣಮ್ಮ. ಒಂದೂರಲ್ಲೂ ಒಬ್ಬರ ಅಡಿಗೆಮನೆ ನಾನು ನೋಡಿಲ್ಲ."

ಒಂದೂರಲ್ಲಿ ಕೊಲೆ ಮೊಕದ್ದಮೆಯೊಂದರಲ್ಲಿ ಸಾಕ್ಷ್ಯ ಸಾಲದೆ ಆರೋಪಿ ಬಿಡುಗಡೆಯಾದ. ಅವನ ತಾಯಿ ಸಾಹೇಬರ ಗೇಟಿನಲ್ಲಿ ಒಂದು ಹೊರೆ ನುಗ್ಗೆಕಾಯಿ ಇಟ್ಟು ಹೋದಳು. ಎಷ್ಟು ಹುಡುಕಿಸಿದರೂ ಆಕೆ ಸಿಗಲಿಲ್ಲ. ಸಾಹೇಬರು ಅದನ್ನು ವಾರಸುದಾರರಿಲ್ಲದ ಸ್ವತ್ತು ಎಂದು ದಾಖಲಿಸಿ, ಒಣಗಿ ಹೋಗುವ ಮುಂಚೆ ಹರಾಜು ಹಾಕಿಸಿದರು. ಕೂಗಿದವನು ಒಬ್ಬನೇ: ಬಿಳಿ ಪೇಟ, ಕೆಂಪು ಪಟ್ಟಿಯ ದಫೇದಾರ ತಿಮ್ಮಯ್ಯ, ದಿನವೂ ಸಾಹೇಬರ ಮುಂದೆ ನಡೆದು ಕೋರ್ಟನ್ನು ಎಬ್ಬಿಸಿ ನಿಲ್ಲಿಸುತ್ತಿದ್ದವನು. ಅಂದು ಸಂಜೆ ತಿಮ್ಮಯ್ಯನ ಮನೆಯ ಹುಳಿಯ ವಾಸನೆ ಕಾಂಪೌಂಡು ದಾಟಿ ಬಂತು. ಅನಸೂಯ ಗೋಡೆಯ ಈಚೆ ನಿಂತು ಆ ವಾಸನೆಯಲ್ಲಿ ಬರೀ ಅನ್ನ ತಿಂದರಂತೆ.

ಹೇಳುವಾಗ ನಗುತ್ತಿದ್ದರು ನಿಜ. ಆದರೆ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಗಲಿಲ್ಲ.

"ಟಿಕೆಟ್ ಮಾಡಿಸ್ದೆ ಸಿಂಧು. ಏಪ್ರಿಲ್ ಇಪ್ಪತ್ತಕ್ಕೆ. ಮೈಸೂರಲ್ಲಿ ನನ್ನ ತಂಗಿ ಲೀಲಾವತಿ ಒಬ್ಬಳೇ ಇದಾಳೆ, ಹೋಗಿ ಅಲ್ಲೇ ಇದ್ದುಬಿಡ್ತೀನಿ. ಅಲ್ಲಾದ್ರೆ ನಾಲ್ಕು ಮನೆ ಬಾಗಿಲು ತೆಗೆದಿರುತ್ತೆ. ಇವರು ಬೇಕಾದ್ರೆ ಇಲ್ಲಿ ಫ್ರಿಜ್ಜಿಗೆ ಶಿಕ್ಷೆ ಕೊಟ್ಕೊಂಡಿರ್ಲಿ."

"ಸರ್‌ಗೆ ಹೇಳಿದ್ರಾ?"

"ಹೇಳ್ದೆ. 'ಪರಿಶೀಲಿಸ್ತೀನಿ' ಅಂದ್ರು."

ಅದೇ ವಾರ ಮಧುಸೂದನನಿಗೆ ಒಂದು ಮಹಾ ಯೋಚನೆ ಹೊಳೆಯಿತು. ಯುಗಾದಿಗೆ ಬಳಗದ ಅಡುಗೆ ಸ್ಪರ್ಧೆ. ಹಿಂದಿನ ವರ್ಷ ತೀರ್ಪುಗಾರನ ಹೆಂಡತಿಗೇ ಬಹುಮಾನ ಬಂದು ಜಗಳವಾಗಿತ್ತು. ಈ ಸಲ ಪಾತ್ರೆಗಳ ಮೇಲೆ ಹೆಸರಿಲ್ಲ, ಬರೀ ನಂಬರು. ತೀರ್ಪುಗಾರ ನಮ್ಮೂರಲ್ಲೇ ಇರುವ ಅಸಲಿ ಜಡ್ಜು. ಹೇಮಚಂದ್ರರನ್ನು ಕೇಳಿದ. ಅವರ ಮುಖದಲ್ಲಿ ಏಳು ವರ್ಷದಿಂದ ಆರಿದ್ದ ದೀಪ ಹತ್ತಿತು. "ಎಷ್ಟು ಗಂಟೆಗೆ ಕೂರಬೇಕು?" ಎಂದು ಮಾತ್ರ ಕೇಳಿದರು.

ಸುದ್ದಿ ಕೇಳಿದ ಅನಸೂಯ ಹಿತ್ತಿಲಿಗೆ ಓಡಿಬಂದರು.

"ತೀರ್ಪು ಕೊಡ್ಬೇಕಂದ್ರೆ ರುಚಿ ನೋಡ್ಲೇಬೇಕಲ್ವೇನೇ? ವ್ರತ ತಾನಾಗೇ ಮುರೀತು! ನಾನೂ ಒಂದು ಪಾತ್ರೆ ಇಡ್ತೀನಿ, ನಿನ್ನ ಹೆಸರಲ್ಲಿ. ನಂದೇ ಅಂತ ಗೊತ್ತಿಲ್ದೆ ತಿಂದು ನಂಗೇ ಫಸ್ಟ್ ಕೊಡ್ತಾರೆ. ಆಮೇಲೆ ನಾಲ್ಕು ಜನ ಬಂದು, ಆಂಟಿ ಹೇಗೆ ಮಾಡಿದ್ರಿ ಅಂತ ಕೇಳ್ತಾರೆ. ಒಬ್ಬಳಾದ್ರೂ ಮನೆಗೆ ಬಂದ್ರೆ ಸಾಕು, ಟಿಕೆಟ್ ಕ್ಯಾನ್ಸಲ್."

ಯುಗಾದಿಯ ಭಾನುವಾರ, ಸಾಹೇಬರು ನದಿ ದಂಡೆಗೆ ಹೋದದ್ದೇ ತಡ, ಅನಸೂಯ ಮೊದಲ ಸಲ ಸಿಂಧುವಿನ ಹೊಸ್ತಿಲು ದಾಟಿ ಅಡಿಗೆಮನೆಗೆ ಬಂದರು. ಒಂದು ಕ್ಷಣ ನಿಂತು ಸುತ್ತ ನೋಡಿದರು, ಮಸಾಲೆ ಡಬ್ಬಿಯನ್ನು ಎರಡೂ ಕೈಯಿಂದ ಮುಟ್ಟಿದರು. ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ನುಗ್ಗೆಕಾಯಿ ಹುಳಿ. ಬೇಳೆ ಬೇಯಿತು, ತೆಂಗಿನತುರಿ ರುಬ್ಬಿದ್ದಾಯಿತು. ಫ್ರೀಜರಿನಿಂದ ತೆಗೆದ ನುಗ್ಗೆ ತುಂಡುಗಳನ್ನು ಮಾತಾಡುತ್ತ ಮಾತಾಡುತ್ತಲೇ ಮೂರು ಮೂರಾಗಿ ಜೋಡಿಸಿ, ಬಿಳಿ ದಾರ ಸುತ್ತಿ ಗಂಟು ಹಾಕಿ ಹುಳಿಗೆ ಬಿಟ್ಟರು.

"ಇದೇನ್ ಆಂಟಿ, ದಾರ?"

"ಹುಳೀಲಿ ನುಗ್ಗೆಕಾಯಿ ಚೆಲ್ಲಾಪಿಲ್ಲಿ ಆದ್ರೆ ಅವರಿಗೆ ಆಗಲ್ಲ. ಮದುವೆ ಹೊಸದ್ರಲ್ಲಿ ತಮಾಷೆಗೆ, ಕೋರ್ಟ್ ಫೈಲ್ ಥರ ಕಟ್ಟಿ ಬಡಿಸ್ದೆ. ಅವರು ನಗ್ಲೇ ಇಲ್ಲ. 'ಹೀಗೇ ಮುಂದುವರಿಯಲಿ' ಅಂದ್ರು. ಕೈಗೆ ಅಭ್ಯಾಸ ಆಗೋಗಿದೆ."

ಇಬ್ಬರಿಗೂ ಅದರಾಚೆ ಏನೂ ಹೊಳೆಯಲಿಲ್ಲ. ಹೊಳೆದಿದ್ದರೆ ಕತ್ತರಿ ಅಲ್ಲೇ ಇತ್ತು.

ಸಮಾರಂಭ ಹರ್ಲಿಂಗ್ ಆಟದ ಕ್ಲಬ್ಬಿನ ಹಾಲಿನಲ್ಲಿ. ನಾಲ್ಕು ಗಂಟೆಗೆ ಬಿಂಗೋ ಆಡುವ ಅಜ್ಜಿಯರಿಗೆ ಬಿಟ್ಟುಕೊಡಬೇಕೆಂಬ ಷರತ್ತು. ಉದ್ದ ಮೇಜಿನ ಮೇಲೆ ಒಂಬತ್ತು ಪಾತ್ರೆ, ಹುಳಿಯದು ಏಳನೆಯ ನಂಬರು. ಹೇಮಚಂದ್ರ ಕರಿ ಕೋಟಿನಲ್ಲಿ ಬಂದು, ನಿಂತರು. ಸಿಂಧು ಗಂಡನ ಪಕ್ಕೆಗೆ ತಿವಿದಳು. ವಿಕ್ರಮ್ ಎದ್ದ, ಅವನನ್ನು ನೋಡಿ ಎಲ್ಲರೂ ಎದ್ದರು. ಸಾಹೇಬರು ಸಭೆಗೆ ಒಮ್ಮೆ ತಲೆಬಾಗಿದರು. ಕೂತರು.

ಮಧುಸೂದನ ಒಂದು ತಟ್ಟೆಯಲ್ಲಿ ಒಂಬತ್ತು ಚಮಚ ಜೋಡಿಸಿಕೊಂಡು ಬಂದ. "ಶುರು ಮಾಡಿ ಸಾರ್."

"ಇದೇನು?"

"ರುಚಿ ನೋಡೋಕೆ."

ಹೇಮಚಂದ್ರರು ಕುರ್ಚಿಯಲ್ಲಿ ನೆಟ್ಟಗಾದರು. "ಕಕ್ಷಿದಾರರ ಪದಾರ್ಥವನ್ನು ನ್ಯಾಯಾಧೀಶ ತಿನ್ನುವುದೇ? ಚಮಚಗಳನ್ನು ತೆಗೆಯಿರಿ."

"ತಿನ್ನದೆ ತೀರ್ಪು ಹೇಗೆ ಸಾರ್ ಕೊಡ್ತೀರಿ?"

"ನಾನು ಹದಿನೇಳು ಕೊಲೆ ಮೊಕದ್ದಮೆಗಳ ತೀರ್ಪು ಬರೆದಿದ್ದೇನೆ. ಒಂದು ಕೊಲೆಯನ್ನೂ ನೋಡಿಲ್ಲ. ತಿಂದವರನ್ನು ಕರೆಸಿ."

ಹಿಂದಿನ ಸಾಲಿನಲ್ಲಿ ಅನಸೂಯ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡದ್ದು ಸಿಂಧುವಿಗೆ ಕಂಡಿತು.

ಸಾಕ್ಷಿಗಳ ವಿಚಾರಣೆ ಶುರುವಾಯಿತು. ವಿಕ್ರಮ್ ಒಂಬತ್ತೂ ಪಾತ್ರೆಗಳ ರುಚಿ ನೋಡಿ, "ಎಲ್ಲಾ ಗ್ರ್ಯಾಂಡ್ ಆಗಿದೆ ಸಾರ್" ಎಂದ.

"ಒಂಬತ್ತೂ?"

"ಹೂಂ ಸಾರ್."

"ನಿಮ್ಮ ಹೆಂಡತಿ ಸ್ಪರ್ಧೆಯಲ್ಲಿದ್ದಾರೆಯೇ?"

"ಅದು... ಒಂಥರಾ... ಇದಾಳೆ ಸಾರ್."

"ಹಿತಾಸಕ್ತಿ ಇರುವ ಸಾಕ್ಷಿ. ಕೂರಿ."

ಮಧುಸೂದನನನ್ನು ನಾಲ್ಕನೆಯ ಪಾತ್ರೆಯ ಬಿಸಿಬೇಳೆಬಾತಿನ ಉಪ್ಪಿನ ಬಗ್ಗೆಯೇ ಹತ್ತು ನಿಮಿಷ ಪ್ರಶ್ನಿಸಿದರು. ಮೊದಲು ಹೆಚ್ಚು ಎಂದವನು ಆಮೇಲೆ ಸರಿಯಾಗಿದೆ ಎಂದ. ಕೊನೆಗೆ ತಾನು ಬೆಳಿಗ್ಗೆ ಹಲ್ಲುಜ್ಜಿದ್ದೆನೋ ಇಲ್ಲವೋ ಎಂಬುದರಲ್ಲೇ ಅವನಿಗೆ ಅನುಮಾನ ಬಂತು. ಪಲ್ಯ ತಣ್ಣಗಾಯಿತು, ಪಾಯಸದ ಮೇಲೆ ಕೆನೆ ಕಟ್ಟಿತು. ಮೂರೂಕಾಲಾಯಿತು.

"ಯಾರ ಮುಲಾಜೂ ಇಲ್ಲದ ಸಾಕ್ಷಿ ಒಬ್ಬರೂ ಇಲ್ಲವೇ?" ಎಂದು ಸಾಹೇಬರು ಸಭೆಯನ್ನು ನೋಡಿದರು. ಮೇಜಿನ ಕೆಳಗೆ ಕೂತು ಯಾವುದೋ ಪಾತ್ರೆಯಿಂದ ಬಡಿಸಿಕೊಂಡ ತಟ್ಟೆಯನ್ನು ಖಾಲಿ ಮಾಡುತ್ತಿದ್ದ ಮಾನ್ಯಾ ಅವರ ಕಣ್ಣಿಗೆ ಬಿದ್ದಳು.

ಕುರ್ಚಿಯ ಮೇಲೆ ನಿಲ್ಲಿಸಿದರು. ಮಕ್ಕಳ ಸಾಕ್ಷ್ಯ ತೆಗೆದುಕೊಳ್ಳುವ ಮುಂಚೆ ಮಗುವಿಗೆ ತಿಳಿವಳಿಕೆ ಇದೆಯೇ ಎಂದು ನ್ಯಾಯಾಧೀಶರೇ ಪರೀಕ್ಷಿಸಬೇಕಂತೆ. ಸಾಹೇಬರ ದನಿ ಒಮ್ಮೆಲೇ ಮೆತ್ತಗಾಯಿತು.

"ನಿಮ್ಮ ಹೆಸರೇನು?"

"ಮಾನ್ಯಾ. ಯು ನೋ ದಟ್."

"ಸುಳ್ಳು ಹೇಳಿದರೆ ಏನಾಗುತ್ತದೆ?"

ಮಾನ್ಯಾ ಯೋಚಿಸಿದಳು. "ಸ್ಯಾಂಟಾ ಬರಲ್ಲ."

"ಸಾಕು. ಸಾಕ್ಷಿ ಸಮರ್ಥರಿದ್ದಾರೆ. ಯಾವುದು ತಿಂದಿರಿ?"

"ನಂಬರ್ ಸೆವೆನ್. ತ್ರೀ ಟೈಮ್ಸ್."

"ಹೇಗಿತ್ತು?"

"ಲವ್ಲಿ." ಆಮೇಲೆ ನಿಜವನ್ನೇ ಹೇಳಬೇಕಲ್ಲ ಎಂದು ನೆನಪಾಗಿ, ಬೆರಳಲ್ಲಿ ಏನನ್ನೋ ಎತ್ತಿ ತೋರಿಸಿದಳು. "ಬಟ್ ಇದರಲ್ಲಿ ದಾರ ಇದೆ. ನುಗ್ಗೆಕಾಯಿ ಇಸ್ ಆಲ್ ಟೈಡ್ ಅಪ್."

ಸಭೆಯಲ್ಲಿ ಗುಸುಗುಸು. "ಅಯ್ಯೋ ದಾರಾನಾ? ಗಂಟಲಿಗೆ ಸಿಕ್ಕಿದ್ರೆ?" ಎಂದರು ಯಾರೋ. ಹೇಮಚಂದ್ರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಗುವಿನ ಬೆರಳಲ್ಲಿ ತೂಗಾಡುವ ಬಿಳಿ ದಾರವನ್ನೇ ನೋಡಿದರು. ಅದರ ಗಂಟನ್ನು ನೋಡಿದರು. ಮೂವತ್ತೆಂಟು ವರ್ಷದಿಂದ ತಟ್ಟೆಯ ಬದಿಗೆ ತೆಗೆದಿಡುತ್ತಿದ್ದ ಗಂಟು ಅದು. ಎದ್ದು ನಿಂತರು.

"ಏಳನೆಯ ಪಾತ್ರೆಯವರು ನನಗೆ ಪರಿಚಿತರು. ಬಹಳ ಪರಿಚಿತರು. ಆದ್ದರಿಂದ ನಾನು ಈ ವಿಚಾರಣೆಯಿಂದ ಹಿಂದೆ ಸರಿಯುತ್ತೇನೆ. ಇಡೀ ಸ್ಪರ್ಧೆ ಬೇರೆ ನ್ಯಾಯಾಧೀಶರ ಮುಂದೆ ಮೊದಲಿನಿಂದ ನಡೆಯತಕ್ಕದ್ದು."

"ಮೊದ್ಲಿಂದಾನಾ?" ಮಧುಸೂದನ ಬಹುತೇಕ ಅತ್ತುಬಿಟ್ಟ. "ಸಾರ್, ನಾಲ್ಕಕ್ಕೆ ಬಿಂಗೋ ಐತೆ!"

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸದ್ದಾಯಿತು.

"ಏನ್ರೀ," ಎಂದರು ಅನಸೂಯ. ಇಡೀ ಬಳಗ ಆಕೆಯ ದನಿಯನ್ನು ಸರಿಯಾಗಿ ಕೇಳಿದ್ದು ಅಂದೇ. "ನಾನೇ ಏಳನೇ ನಂಬರು. ಕಳ್ಳರಿಗೆ ಕೊಟ್ರಿ, ಕುಡುಕರಿಗೆ ಕೊಟ್ರಿ, ಹಸು ಕದ್ದೋನಿಗೂ ಕೊಟ್ರಿ ಜಾಮೀನು. ಮೂವತ್ತೊಂದು ವರ್ಷದಲ್ಲಿ ನಂಗೊಂದು ದಿನ ಕೊಟ್ರಾ?"

"ಅನಸೂಯ, ಇದು ತೆರೆದ ನ್ಯಾಯಾಲ—"

"ಆಕ್ಷೇಪಣೆ ಇದ್ರೆ ಬರೆದುಕೊಡಿ. ಇಪ್ಪತ್ತನೇ ತಾರೀಖಿನೊಳಗೆ." ಚೀಲ ತೆಗೆದುಕೊಂಡು ಹೊರಟೇಹೋದರು. ಬಾಗಿಲಲ್ಲಿ ಬಿಂಗೋ ಅಜ್ಜಿಯೊಬ್ಬಳು, "ಆರ್ ಯು ಆಲ್‌ರೈಟ್, ಪೆಟ್?" ಎಂದು ಆಕೆಯ ತೋಳು ಸವರಿದಳು. ಅನಸೂಯ ಅಲ್ಲೇ ಅತ್ತರು.

ತೀರ್ಪಿಲ್ಲದ ಒಂಬತ್ತು ಪಾತ್ರೆಗಳನ್ನು ಜನ ನಿಂತೇ ಖಾಲಿ ಮಾಡಿದರು. ಏಳನೆಯದು ಎಲ್ಲಕ್ಕಿಂತ ಮೊದಲು ಮುಗಿಯಿತು. ತಟ್ಟೆಗಳ ಅಂಚಿನಲ್ಲೆಲ್ಲ ಬಿಳಿ ದಾರ. ಆದರೆ ಹುಳಿ ಹೇಗೆ ಮಾಡಿದಿರಿ ಎಂದು ಕೇಳಲು ಎದುರುಮನೆಯ ಗೇಟು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಅಂದು ಮಲಗುವಾಗ ಮಾನ್ಯಾ ಕೇಳಿದಳು. "ಮಮ್, ಡಿಡ್ ಐ ಗೆಟ್ ಅಜ್ಜಿ ಇನ್ ಟ್ರಬಲ್?"

"ಇಲ್ಲ ಕಂದ. ನೀನು ನಿಜ ಹೇಳ್ದೆ."

"ಮೇಬಿ ಐ ಶುಡ್‌ಂಟ್ ಹ್ಯಾವ್." ಸಿಂಧು ಅವಳ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ನಾಳೆಗೆ ಸಮವಸ್ತ್ರ ಇಸ್ತ್ರಿ ಮಾಡಲು ಎದ್ದುಹೋದಳು.

ಎದುರುಮನೆಯ ಮಾಳಿಗೆಯ ಕಿಟಕಿಯಲ್ಲಿ ಸೂಟ್‌ಕೇಸು ಕಾಣತೊಡಗಿತು. ಅನಸೂಯ ಹಿತ್ತಿಲಿಗೆ ಬರಲಿಲ್ಲ. ಕಸದ ಡಬ್ಬಿ ಹೊರಗಿಡುವಾಗ ಸಿಕ್ಕ ಗುರುದತ್ತ, "ಕರ್ಫ್ಯೂ ಸಿಂಧು ನಮ್ಮನೇಲಿ" ಎಂದ. "ಅಮ್ಮ ಬಡಿಸ್ತಾಳೆ, ಮಾತಾಡಲ್ಲ. ಹುಳೀಲಿ ದಾರ ಕಟ್ಟೋದನ್ನೂ ಬಿಟ್ಟಿದಾಳೆ. ಅಪ್ಪ ಆ ಬಿಡಿ ತುಂಡುಗಳನ್ನ ಅನಾಥ ಮಕ್ಕಳನ್ನ ನೋಡೋ ಹಾಗೆ ನೋಡ್ತಾ ಕೂತಿರ್ತಾರೆ." ಹನ್ನೊಂದರ ಕಲಾಪವೂ ನಿಂತಿತ್ತು. ಸಾಹೇಬರು ಆ ಹೊತ್ತಿಗೆ ಕೊಡೆ ಹಿಡಿದು ಬಡಾವಣೆಯ ಸುತ್ತ ನಡೆಯುತ್ತಿದ್ದರು. ಪ್ರತಿ ಸುತ್ತಿನಲ್ಲೂ ಸಿಂಧುವಿನ ಗೇಟಿನ ಮುಂದೆ ನಿಂತು, ಮುಂದಕ್ಕೆ ಹೋಗುತ್ತಿದ್ದರು.

ಹದಿನೆಂಟನೆಯ ತಾರೀಖು, ಈಸ್ಟರ್ ರಜೆ. ಹನ್ನೊಂದೂಕಾಲಿಗೆ ಮುಂಬಾಗಿಲ ಗಂಟೆ ಸದ್ದು ಮಾಡಿತು. ಕೋಟು, ಟೈ, ಮಡಿಸಿದ ಕೊಡೆ. ಹೇಮಚಂದ್ರರು ಕಾಲೊರಸಿನ ಮೇಲೆ ನಿಂತಿದ್ದರು.

"ಒಳಗೆ ಬನ್ನಿ ಸರ್."

ಬಂದರು. ಮೂರು ಹೆಜ್ಜೆ ಇಟ್ಟು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಟೇಬಲ್ಲಿನ ಹತ್ತಿರ ಚಿತ್ರ ಬರೆಯುತ್ತಿದ್ದ ಮಾನ್ಯಾ ತಾತನನ್ನು ಕಂಡು ಸಿಂಧುವಿನ ಹಿಂದೆ ಸರಿದಳು.

"ನಿಮ್ಮ ಹೇಳಿಕೆ ಸತ್ಯವಾಗಿತ್ತು," ಎಂದರು ಸಾಹೇಬರು ಅವಳಿಗೆ. "ನನ್ನ ಆದೇಶವೇ ತಪ್ಪು."

ಮಾನ್ಯಾ ಅಮ್ಮನ ಮುಖ ನೋಡಿ, ಪೂರ್ತಿ ಅರ್ಥವಾಗದಿದ್ದರೂ, "ಯು'ರ್ ಗ್ರ್ಯಾಂಡ್" ಎಂದು ಅವರನ್ನು ಕ್ಷಮಿಸಿದಳು.

ಸಾಹೇಬರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಮೂವತ್ತೊಂದು ವರ್ಷ ಬೇರೆಯವರು ತಮ್ಮ ಮುಂದೆ ಬೇಡುವುದನ್ನು ಕೇಳಿದವರಿಗೆ, ಬೇಡುವುದು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಗೊತ್ತಿದ್ದಂತಿರಲಿಲ್ಲ.

"ಮನೆಯಲ್ಲಿ... ಹೆಪ್ಪು ಮುಗಿದಿದೆ," ಎಂದರು ಕೊನೆಗೆ.

ಸುಳ್ಳು. ನಿನ್ನೆಯಷ್ಟೇ ಗುರುದತ್ತ, ಅಮ್ಮ ಸಿಟ್ಟಿನಲ್ಲಿ ಎರಡು ಪಾತ್ರೆ ಮೊಸರು ಹಾಕಿಟ್ಟಿದ್ದಾಳೆ ಎಂದು ಹೇಳಿದ್ದ. ಸಿಂಧು ಅದನ್ನು ಎತ್ತಲಿಲ್ಲ. ಕಪಾಟಿನಿಂದ ಮೊಸರಿನ ಪಾತ್ರೆ ತೆಗೆದಳು. ಅದು ಅವರ ಮನೆಯ ಹೆಪ್ಪಿನದೇ ಸಂತಾನ ಎಂದೂ ಹೇಳಲಿಲ್ಲ.

"ಬಟ್ಟಲು ತಂದಿದೀರಾ ಸರ್?"

"ತಂದಿಲ್ಲ. ಬೇಕೆಂದೇ ತಂದಿಲ್ಲ."

ಅವಳ ಕೈ ಅಭ್ಯಾಸದಂತೆ ತೊಳೆದ ಪಾತ್ರೆಗಳ ಬುಟ್ಟಿಗೆ ಹೋಗಿ, ಮೇಲೇ ಇದ್ದ ಪುಟ್ಟ ಸ್ಟೀಲ್ ಬಟ್ಟಲನ್ನು ಎತ್ತಿತು. ಕೆತ್ತಿದ ಹೆಸರಿನ ಮೇಲೆ ಬೆಳಕು ಬಿತ್ತು. ಸಿಂಧು ಅದನ್ನು ಮುಚ್ಚಿಕೊಳ್ಳುವ ಹೊತ್ತಿಗೆ ತಡವಾಗಿತ್ತು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಹೆಸರನ್ನು ಪೂರ್ತಿ ಓದಿದರು. ಚಳಿಗಾಲವೆಲ್ಲ ಹನ್ನೊಂದು ಗಂಟೆಗೆ ಕಿಟಕಿಗೆ ಮುಖ ಮಾಡಿ ಕೂತವರು ಅವರು. ಹೆಂಡತಿ ಯಾವ ಹಿತ್ತಿಲಿಗೆ ಹೋಗುತ್ತಿದ್ದಳು ಎಂದು ಬಹುಶಃ ಆಗಲೇ ಕಂಡಿದ್ದರು. ತುಟಿಯ ತುದಿ ಸ್ವಲ್ಪ ಅಲ್ಲಾಡಿತು.

"ಅದರಲ್ಲಿ ಬೇಡಮ್ಮ, ಅದು ನಮ್ಮನೇದು," ಎಂದರು. "ನಿಮ್ಮನೇದೇ ಒಂದು ಬಟ್ಟಲಲ್ಲಿ ಹಾಕಿ ಕೊಡ್ತೀಯಾ? ನಾನು ವಾಪಸ್ ತರಲ್ಲ. ಅವಳೇ ತರ್ಬೇಕು, ನೋಡು. ಬರೀ ಬಟ್ಟಲು ತರೋಳಲ್ಲ ಅವಳು, ಅದರಲ್ಲಿ ಏನಾದ್ರೂ ಹಾಕ್ಕೊಂಡೇ ಬರ್ತಾಳೆ. ಬಂದಾಗ ಒಂದು ಲೋಟ ಕಾಫಿ ಮಾಡಿ ಕೂರಿಸ್ಕೋ. ಇಪ್ಪತ್ತನೇ ತಾರೀಖಿನ ವಿಮಾನ ಹೋಗೋ ತನಕ ಬಿಡಬೇಡ."